ಮೊದಲ ಸ್ಥಾನ ಯಾರಿಗೆ, ಯಾವ ಲೆಕ್ಕದಲ್ಲಿ: ವಿಮಾನಯಾನ ಶ್ರೇಯಾಂಕಗಳನ್ನು ಓದುವ ಬಗೆ

2024ರ ಡಿಸೆಂಬರ್ ಮೊದಲ ವಾರದಲ್ಲಿ ಏರ್‌ಹೆಲ್ಪ್ ಎಂಬ ಕಂಪನಿ ಜಗತ್ತಿನ 109 ವಿಮಾನಯಾನ ಸಂಸ್ಥೆಗಳ ಶ್ರೇಯಾಂಕ ಪಟ್ಟಿಯೊಂದನ್ನು ಪ್ರಕಟಿಸಿತು. ಅದರಲ್ಲಿ ಭಾರತದ ಅತಿ ದೊಡ್ಡ ಸಂಸ್ಥೆಯಾದ ಇಂಡಿಗೊ ಪಡೆದದ್ದು 103ನೆಯ ಸ್ಥಾನ. ಏರ್ ಇಂಡಿಯಾ 61ರಲ್ಲಿತ್ತು. ಇಂಡಿಗೊ ಈ ಪಟ್ಟಿಯನ್ನು ಕೂಡಲೇ ತಳ್ಳಿಹಾಕಿತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಪ್ರತಿ ತಿಂಗಳು ಪ್ರಕಟಿಸುವ ಅಂಕಿಅಂಶಗಳಲ್ಲಿ ತನ್ನ ಸಮಯಪಾಲನೆ ಉತ್ತಮವಾಗಿದೆ, ದೂರುಗಳ ಪ್ರಮಾಣ ತೀರಾ ಕಡಿಮೆಯಿದೆ, ಏರ್‌ಹೆಲ್ಪ್‌ನವರು ಭಾರತದಲ್ಲಿ ಎಷ್ಟು ಜನರನ್ನು ಕೇಳಿದರೆಂಬುದನ್ನೇ ಹೇಳಿಲ್ಲ ಎಂಬುದು ಅದರ ವಾದವಾಗಿತ್ತು. ಆರು ತಿಂಗಳು ಕಳೆದು 2025ರ ಜೂನ್‌ನಲ್ಲಿ, ಪ್ರಯಾಣಿಕರ ಸಮೀಕ್ಷೆ ನಡೆಸುವ ಸ್ಕೈಟ್ರಾಕ್ಸ್ ಎಂಬ ಸಂಸ್ಥೆಯ ಪ್ರಶಸ್ತಿಗಳು ಪ್ರಕಟವಾದಾಗ ಅದೇ ಇಂಡಿಗೊ ಭಾರತ ಮತ್ತು ದಕ್ಷಿಣ ಏಷ್ಯಾದ ಅತ್ಯುತ್ತಮ ವಿಮಾನಯಾನ ಸಂಸ್ಥೆ ಎನ್ನಿಸಿಕೊಂಡಿತು; ಜಾಗತಿಕ ಪಟ್ಟಿಯಲ್ಲಿ ಅದಕ್ಕೆ 39ನೆಯ ಸ್ಥಾನ. ಮತ್ತೆ ಆರು ತಿಂಗಳಿಗೆ, 2025ರ ಡಿಸೆಂಬರ್ 4ರಂದು, ದೇಶದ ಆರು ಮಹಾನಗರಗಳ ನಿಲ್ದಾಣಗಳಲ್ಲಿ ಅದರ ವಿಮಾನಗಳ ಪೈಕಿ ಸಮಯಕ್ಕೆ ಸರಿಯಾಗಿ ನಡೆದವು ಕೇವಲ ಶೇ 8.5.

ಒಂದೇ ಸಂಸ್ಥೆ, ಒಂದೇ ವರ್ಷದ ಅವಧಿ, ಮೂರು ಚಿತ್ರಗಳು. ಇವುಗಳಲ್ಲಿ ಒಂದು ನಿಜ, ಉಳಿದವು ಸುಳ್ಳು ಎಂದು ನನಗೆ ಅನ್ನಿಸುವುದಿಲ್ಲ. ಮೂರೂ ಬೇರೆಬೇರೆ ಸಂಗತಿಗಳನ್ನು ಅಳೆದಿವೆ, ಆದರೆ ಮೂರಕ್ಕೂ ನಾವು ‘ಸೇವೆಯ ಗುಣಮಟ್ಟ’ ಎಂಬ ಒಂದೇ ಹಣೆಪಟ್ಟಿ ಹಚ್ಚಿದ್ದೇವೆ. ಟಿಕೆಟ್ ಕಾಯ್ದಿರಿಸುವ ಮುನ್ನ ಇಂಥ ಪಟ್ಟಿಗಳನ್ನು ತೆರೆದು ನೋಡುವ ಅಭ್ಯಾಸ ನನಗೆ ಬಹುಕಾಲದಿಂದ ಇದೆ. ಆ ಅಭ್ಯಾಸದಿಂದ ನಾನು ತಲುಪಿರುವ ಅಭಿಪ್ರಾಯವೇನೆಂದರೆ, ಸಂಸ್ಥೆಯೊಂದು ಎಷ್ಟನೆಯ ಸ್ಥಾನದಲ್ಲಿದೆ ಎಂಬುದು ಇಡೀ ಪಟ್ಟಿಯಲ್ಲಿ ಅತ್ಯಂತ ಕಡಿಮೆ ಮಾಹಿತಿ ಕೊಡುವ ಅಂಕಿ. ಆ ಸ್ಥಾನದ ಹಿಂದಿರುವ ಮೂಲ ಸಂಖ್ಯೆಗಳು ವರ್ಷದಿಂದ ವರ್ಷಕ್ಕೆ ಹೇಗೆ ಸಾಗಿವೆ ಎಂಬುದೇ ಪ್ರಯಾಣಿಕನಿಗೆ ಉಪಯೋಗಕ್ಕೆ ಬರುವ ಸಂಗತಿ.

ಮೊದಲಿಗೆ ಯಾರು ಏನನ್ನು ಅಳೆಯುತ್ತಾರೆ ಎಂಬುದನ್ನು ನೋಡೋಣ. ಏರ್‌ಹೆಲ್ಪ್ ಮೂಲತಃ ವಿಮಾನ ತಡವಾದಾಗ ಪ್ರಯಾಣಿಕರ ಪರವಾಗಿ ಪರಿಹಾರ ವಸೂಲಿ ಮಾಡಿಕೊಡುವ ಕಂಪನಿ. ಅದರ ಅಂಕದಲ್ಲಿ ಸಮಯಪಾಲನೆ, ಗ್ರಾಹಕರ ಅಭಿಪ್ರಾಯ ಮತ್ತು ಪರಿಹಾರದ ಅರ್ಜಿಗಳನ್ನು ಸಂಸ್ಥೆ ಹೇಗೆ ವಿಲೇವಾರಿ ಮಾಡುತ್ತದೆ ಎಂಬುದು, ಈ ಮೂರಕ್ಕೂ ಸಮಪಾಲು. ವಿಮಾನ ಮೂರು ಗಂಟೆ ತಡವಾದರೆ 250ರಿಂದ 600 ಯೂರೊವರೆಗೆ ಪರಿಹಾರ ಕೊಡಬೇಕೆಂಬ ಕಟ್ಟುನಿಟ್ಟಿನ ಕಾನೂನು ಯುರೋಪಿನಲ್ಲಿದೆ. ಅಲ್ಲಿ ಈ ಮೂರನೆಯ ಅಳತೆಗೆ ಅರ್ಥವಿದೆ. ನಮ್ಮ ದೇಶೀಯ ಹಾರಾಟಗಳಿಗೆ ಅಂಥ ಕಾನೂನು ಅನ್ವಯಿಸುವುದಿಲ್ಲ. ಇಲ್ಲಿ ಡಿಜಿಸಿಎ ನಿಯಮದಂತೆ ವಿಮಾನ ತಡವಾದಾಗ ಸಂಸ್ಥೆ ಊಟ, ತಿಂಡಿಯ ವ್ಯವಸ್ಥೆ ಮಾಡಬೇಕು, ತಡ ಬಹಳ ಹೆಚ್ಚಾದರೆ ಬೇರೆ ವಿಮಾನವನ್ನೋ ಹಣ ವಾಪಸನ್ನೋ ಕೊಡಬೇಕು. ಮುನ್ಸೂಚನೆಯಿಲ್ಲದೆ ವಿಮಾನ ರದ್ದಾದಾಗ, ಇಲ್ಲವೇ ದೃಢಪಟ್ಟ ಟಿಕೆಟ್ ಇದ್ದೂ ಹತ್ತಿಸಿಕೊಳ್ಳದಿದ್ದಾಗ ಮಾತ್ರ ನಗದು ಪರಿಹಾರದ ಮಾತು ಬರುತ್ತದೆ; ಎರಡನೆಯದಕ್ಕೆ ಅದರ ಮಿತಿ 10,000 ಅಥವಾ 20,000 ರೂಪಾಯಿ. ಹೀಗಿರುವಾಗ ಪರಿಹಾರ ಕೊಡುವ ಚುರುಕಿಗೆ ಮೂರನೆಯ ಒಂದು ಪಾಲು ತೂಕ ಕೊಟ್ಟ ಪಟ್ಟಿಯಲ್ಲಿ ಭಾರತೀಯ ಸಂಸ್ಥೆಯೊಂದು ಕೆಳಗೆ ಬಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಅದರಲ್ಲಿ ನಮ್ಮ ಕಾನೂನಿನ ಪಾಲೂ ಇದೆ. ಸ್ಕೈಟ್ರಾಕ್ಸ್ ಪ್ರಶಸ್ತಿಯ ಆಧಾರ ಪ್ರಯಾಣಿಕರು ತುಂಬಿಕೊಡುವ ಸಮೀಕ್ಷೆ. ಅಲ್ಲಿ ಆಸನ, ಊಟ, ಸಿಬ್ಬಂದಿಯ ಸೌಜನ್ಯ ಇವೆಲ್ಲ ಸೇರಿ ಒಟ್ಟಾರೆ ಸಂತೋಷಕ್ಕೆ ಅಂಕ ಬೀಳುತ್ತದೆ. ಡಿಜಿಸಿಎ ಯಾರಿಗೂ ಶ್ರೇಯಾಂಕ ಕೊಡುವುದಿಲ್ಲ. ಅದು ಸಂಖ್ಯೆಗಳನ್ನು ಮಾತ್ರ ಪ್ರಕಟಿಸುತ್ತದೆ. ಅವುಗಳನ್ನು ಮೇಲಿಂದ ಕೆಳಕ್ಕೆ ಜೋಡಿಸಿ ‘ಈ ತಿಂಗಳು ಮೊದಲ ಸ್ಥಾನ’ ಎಂದು ಸುದ್ದಿ ಮಾಡುವವರು ಪತ್ರಿಕೆಗಳು ಮತ್ತು ಸಂಸ್ಥೆಗಳ ಪ್ರಚಾರ ವಿಭಾಗದವರು.

ಹಲವು ಅಳತೆಗಳನ್ನು ಕೂಡಿಸಿ ಒಂದೇ ಅಂಕ ಮಾಡುವುದರಲ್ಲಿ ಏನಾಗುತ್ತದೆ ಎಂಬುದನ್ನು ತಿಳಿಯಲು ಅಮೆರಿಕದ ‘ಏರ್‌ಲೈನ್ ಕ್ವಾಲಿಟಿ ರೇಟಿಂಗ್’ ಎಂಬ ವಾರ್ಷಿಕ ವರದಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1991ರಲ್ಲಿ ಬ್ರೆಂಟ್ ಬೋವೆನ್ ಮತ್ತು ಡೀನ್ ಹೆಡ್ಲಿ ಎಂಬ ಇಬ್ಬರು ಪ್ರಾಧ್ಯಾಪಕರು ಕಾನ್ಸಾಸ್‌ನ ವಿಚಿಟಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ವರದಿಯ ದೊಡ್ಡ ಗುಣವೆಂದರೆ ಅದರ ಪಾರದರ್ಶಕತೆ. ಅದು ಯಾರ ಅಭಿಪ್ರಾಯವನ್ನೂ ಕೇಳುತ್ತ ಹೋಗುವುದಿಲ್ಲ. ಅಮೆರಿಕದ ಸಾರಿಗೆ ಇಲಾಖೆ ಪ್ರತಿ ತಿಂಗಳು ಪ್ರಕಟಿಸುವ ಅಂಕಿಅಂಶಗಳನ್ನು ತೆಗೆದುಕೊಂಡು ಎಲ್ಲರಿಗೂ ಗೊತ್ತಿರುವ ಸೂತ್ರವೊಂದಕ್ಕೆ ಹಾಕುತ್ತದೆ. ಸಮಯಪಾಲನೆಗೆ 8.63, ಟಿಕೆಟ್ ಇದ್ದೂ ವಿಮಾನ ಹತ್ತಲು ಬಿಡದ ಪ್ರಕರಣಗಳಿಗೆ 8.03, ಲಗೇಜಿನ ಎಡವಟ್ಟಿಗೆ 7.92, ದೂರುಗಳಿಗೆ 7.17. ಇವು ತೂಕಗಳು. ಮೊದಲನೆಯದನ್ನು ಕೂಡಿ, ಉಳಿದ ಮೂರನ್ನು ಕಳೆದು, ತೂಕಗಳ ಮೊತ್ತವಾದ 31.75ರಿಂದ ಭಾಗಿಸಿದರೆ ಸಂಸ್ಥೆಯ ಅಂಕ ಬರುತ್ತದೆ. ಕಳೆಯುವ ಭಾಗವೇ ಹೆಚ್ಚಿರುವುದರಿಂದ ಅಂಕ ಸಾಮಾನ್ಯವಾಗಿ ಸೊನ್ನೆಗಿಂತ ಕೆಳಗೆ ಇರುತ್ತದೆ.

ತೂಕಗಳನ್ನು ಮಾತ್ರ ನೋಡಿದವರಿಗೆ ಸಮಯಪಾಲನೆಗೇ ಅಗ್ರಮಾನ್ಯತೆ ಎಂದು ತೋರುತ್ತದೆ. ಆದರೆ ಸೂತ್ರಕ್ಕೆ ಸಂಖ್ಯೆಗಳನ್ನು ಹಾಕಿ ನೋಡಿದರೆ ಚಿತ್ರ ಬೇರೆ. ಒಂದು ಕಲ್ಪಿತ ಸಂಸ್ಥೆಯನ್ನು ತೆಗೆದುಕೊಳ್ಳಿ: ಅದರ ಶೇ 80 ವಿಮಾನಗಳು ಸಮಯಕ್ಕೆ ಸರಿಯಾಗಿವೆ, ಹತ್ತು ಸಾವಿರ ಪ್ರಯಾಣಿಕರಿಗೆ 0.3ರಷ್ಟು ಹತ್ತಿಸಿಕೊಳ್ಳದ ಪ್ರಕರಣಗಳು, ಸಾವಿರಕ್ಕೆ 2.5 ಲಗೇಜು ದೂರುಗಳು, ಲಕ್ಷಕ್ಕೆ 1 ಇತರ ದೂರು. ಅಂಕ ಸುಮಾರು ಮೈನಸ್ 0.71. ಈಗ ಸಮಯಪಾಲನೆ ಶೇ 80ರಿಂದ 90ಕ್ಕೆ ಏರಿತು ಎನ್ನೋಣ. ಇದು ಸಣ್ಣ ಸಾಧನೆಯಲ್ಲ. ವೇಳಾಪಟ್ಟಿ, ಸಿಬ್ಬಂದಿ, ನಿರ್ವಹಣೆ ಎಲ್ಲವನ್ನೂ ತಿದ್ದಿದ ಮೇಲೆ ಆಗುವ ಕೆಲಸ. ಸೂತ್ರದಲ್ಲಿ ಸಮಯಪಾಲನೆ 0.80ರಿಂದ 0.90 ಎಂದು ದಾಖಲಾಗುವುದರಿಂದ ಅಂಕ ಸುಧಾರಿಸುವುದು 0.027ರಷ್ಟು ಮಾತ್ರ. ಲಗೇಜಿನ ದೂರು ಸಾವಿರಕ್ಕೆ 2.5 ಇದ್ದದ್ದು 2ಕ್ಕೆ ಇಳಿದರೆ ಅಂಕ 0.125ರಷ್ಟು ಸುಧಾರಿಸುತ್ತದೆ, ಅಂದರೆ ನಾಲ್ಕು ಪಟ್ಟಿಗೂ ಹೆಚ್ಚು. ಇನ್ನೊಂದು ರೀತಿಯಲ್ಲಿ ಹೇಳುವುದಾದರೆ, ನೂರಕ್ಕೆ ಹತ್ತು ವಿಮಾನಗಳನ್ನು ಹೆಚ್ಚಾಗಿ ಸಮಯಕ್ಕೆ ಸರಿಯಾಗಿ ನಡೆಸಿ ಗಳಿಸಿದ ಅಂಕವನ್ನು ಒಂಬತ್ತು ಸಾವಿರ ಪ್ರಯಾಣಿಕರಲ್ಲಿ ಒಬ್ಬರ ಲಗೇಜು ಹೆಚ್ಚಾಗಿ ದಾರಿತಪ್ಪಿದರೆ ಕಳೆದುಕೊಳ್ಳಬಹುದು. ಶೇಕಡಾವಾರು ಅನುಪಾತವನ್ನೂ ಸಾವಿರದ ಲೆಕ್ಕವನ್ನೂ ಲಕ್ಷದ ಲೆಕ್ಕವನ್ನೂ ಒಂದೇ ಸಾಲಿನಲ್ಲಿ ಕೂಡಿಸಿದಾಗ, ತೂಕಕ್ಕಿಂತ ಮಾಪಕದ ಗಾತ್ರವೇ ಫಲಿತಾಂಶವನ್ನು ತೀರ್ಮಾನಿಸಿಬಿಡುತ್ತದೆ. ಇದನ್ನು ಕಂಡುಹಿಡಿಯಲು ನಮಗೆ ಸಾಧ್ಯವಾಗುವುದೇ ಅವರು ಸೂತ್ರವನ್ನು ಬಚ್ಚಿಡದೆ ಪ್ರಕಟಿಸಿರುವುದರಿಂದ ಎಂಬುದನ್ನು ಮರೆಯಬಾರದು. ಸೂತ್ರವನ್ನೇ ತೋರಿಸದ ಪಟ್ಟಿಗಳ ಒಳಗೆ ಏನಿದೆಯೋ ದೇವರೇ ಬಲ್ಲ.

ಆ ವರದಿಯ ನಿಜವಾದ ಬೆಲೆ ಇರುವುದು ಅದರ ದೀರ್ಘ ಅವಧಿಯಲ್ಲಿ. ಮೂರು ದಶಕಗಳ ಸಂಖ್ಯೆಗಳನ್ನು ಸಾಲಾಗಿ ಇಟ್ಟರೆ ಇಡೀ ಉದ್ಯಮದ ಏರಿಳಿತ ಕಾಣುತ್ತದೆ. 2007 ಅಮೆರಿಕದ ಪ್ರಯಾಣಿಕರಿಗೆ ಬಹಳ ಕೆಟ್ಟ ವರ್ಷ. ಸಮಯಕ್ಕೆ ಬಂದಿಳಿದ ವಿಮಾನಗಳು ಶೇ 73ರಷ್ಟು, ಲಗೇಜಿನ ದೂರು ಸಾವಿರ ಪ್ರಯಾಣಿಕರಿಗೆ ಸುಮಾರು 7. ಹತ್ತು ವರ್ಷಗಳಲ್ಲಿ ಆ ಲಗೇಜಿನ ಸಂಖ್ಯೆ ಎರಡೂವರೆಯ ಆಸುಪಾಸಿಗೆ ಇಳಿಯಿತು. ಸಂಸ್ಥೆಗಳು ಲಗೇಜಿಗೆ ಪ್ರತ್ಯೇಕ ಶುಲ್ಕ ಹಾಕತೊಡಗಿದ್ದು 2008ರ ಹೊತ್ತಿಗೆ. ಜನ ಚೀಲಗಳನ್ನು ಕೈಯಲ್ಲೇ ಹಿಡಿದು ಒಳಗೆ ಹೋಗತೊಡಗಿದರು. ಚೆಕ್-ಇನ್ ಆಗದ ಚೀಲ ಕಳೆದುಹೋಗುವುದೂ ಇಲ್ಲ. ಹಾಗಾಗಿ ಸುಧಾರಣೆಯ ಒಂದಿಷ್ಟು ಭಾಗ ತಂತ್ರಜ್ಞಾನದ್ದು, ಇನ್ನೊಂದಿಷ್ಟು ಭಾಗ ಪ್ರಯಾಣಿಕನ ಜೇಬಿನದ್ದು. ಈ ಗೊಂದಲ ಅಲ್ಲಿನ ಸಾರಿಗೆ ಇಲಾಖೆಗೂ ಅರ್ಥವಾಗಿ, 2019ರಿಂದ ಪ್ರಯಾಣಿಕರ ಸಂಖ್ಯೆಯ ಬದಲು ವಿಮಾನಕ್ಕೆ ಏರಿಸಿದ ಚೀಲಗಳ ಸಂಖ್ಯೆಯನ್ನೇ ಆಧಾರವಾಗಿಟ್ಟು ಲೆಕ್ಕ ಹಾಕುವ ಪದ್ಧತಿ ಬಂತು. ಲೆಕ್ಕ ಹೆಚ್ಚು ನ್ಯಾಯವಾಯಿತು, ಆದರೆ 2018ರವರೆಗಿನ ಸಂಖ್ಯೆಗಳನ್ನು 2019ರ ನಂತರದವುಗಳ ಪಕ್ಕದಲ್ಲಿ ಇಡುವಂತಿಲ್ಲ. ಅದೇ ಹೊತ್ತಿಗೆ ವರದಿ ಸಲ್ಲಿಸಬೇಕಾದ ಸಂಸ್ಥೆಗಳ ಮಿತಿಯನ್ನೂ ದೇಶೀಯ ಪ್ರಯಾಣಿಕ ಆದಾಯದ ಶೇ 1ರಿಂದ ಶೇ 0.5ಕ್ಕೆ ಇಳಿಸಲಾಯಿತು, ಪಟ್ಟಿಗೆ ಹೊಸ ಹೆಸರುಗಳು ಸೇರಿದವು. ಹತ್ತರಲ್ಲಿ ಐದನೆಯ ಸ್ಥಾನವೂ ಹದಿನೇಳರಲ್ಲಿ ಐದನೆಯ ಸ್ಥಾನವೂ ಒಂದೇ ಅಲ್ಲವಲ್ಲ.

ಕೆಲವೊಮ್ಮೆ ಒಂದೇ ಘಟನೆ ಇಡೀ ಸಾಲನ್ನು ಮುರಿದುಹಾಕುತ್ತದೆ. 2017ರ ಏಪ್ರಿಲ್‌ನಲ್ಲಿ ಶಿಕಾಗೊದಲ್ಲಿ ಯುನೈಟೆಡ್ ಏರ್‌ಲೈನ್ಸ್ ವಿಮಾನವೊಂದರಿಂದ, ಸಂಸ್ಥೆಯ ಸಿಬ್ಬಂದಿಗೆ ಜಾಗ ಮಾಡಲೆಂದು, ಆಸನದಲ್ಲಿ ಕುಳಿತಿದ್ದ ಪ್ರಯಾಣಿಕರೊಬ್ಬರನ್ನು ಭದ್ರತಾ ಸಿಬ್ಬಂದಿ ಎಳೆದೊಯ್ದ ದೃಶ್ಯ ಜಗತ್ತಿನಾದ್ಯಂತ ಹರಡಿತು. ಒಪ್ಪಿಗೆಯಿಲ್ಲದೆ ವಿಮಾನದಿಂದ ಹೊರಗುಳಿಸಿದ ಪ್ರಕರಣಗಳ ಪ್ರಮಾಣ ಅಮೆರಿಕದಲ್ಲಿ 2016ರಲ್ಲಿ ಹತ್ತು ಸಾವಿರಕ್ಕೆ 0.62 ಇದ್ದದ್ದು 2017ರಲ್ಲಿ 0.34ಕ್ಕೂ 2018ರಲ್ಲಿ 0.14ಕ್ಕೂ ಇಳಿಯಿತು. ಶ್ರೇಯಾಂಕಗಳು ವರ್ಷಗಟ್ಟಲೆ ಮಾಡದಿದ್ದ ಕೆಲಸವನ್ನು ಒಂದು ಮೊಬೈಲ್ ವಿಡಿಯೊ ಕೆಲವೇ ವಾರಗಳಲ್ಲಿ ಮಾಡಿತು. ಎಲ್ಲ ಸಂಸ್ಥೆಗಳೂ ಒಟ್ಟಿಗೆ ಸುಧಾರಿಸಿದಾಗ ಸ್ಥಾನಗಳು ಹೆಚ್ಚು ಕದಲುವುದಿಲ್ಲ. ಶ್ರೇಯಾಂಕವನ್ನಷ್ಟೇ ನೋಡುವವನಿಗೆ ಪ್ರಯಾಣಿಕನಿಗಾದ ಈ ಅತಿ ದೊಡ್ಡ ಲಾಭ ಕಾಣಿಸುವುದೇ ಇಲ್ಲ.

ಸಮಯಪಾಲನೆಯ ಅಳತೆಗೂ ಇಂಥದ್ದೇ ಒಳಗುಟ್ಟಿದೆ. ನಿಗದಿತ ಸಮಯಕ್ಕಿಂತ 15 ನಿಮಿಷದೊಳಗಿನ ತಡವನ್ನು ತಡವೆಂದು ಎಣಿಸುವುದಿಲ್ಲ ಎಂಬುದು ಅಮೆರಿಕದಲ್ಲೂ ನಮ್ಮಲ್ಲೂ ಇರುವ ರೂಢಿ. ಆದರೆ ಆ ನಿಗದಿತ ಸಮಯವನ್ನು ನಿಗದಿ ಮಾಡುವವರು ಯಾರು? ಸ್ವತಃ ಸಂಸ್ಥೆಯವರೇ. ಬೆಂಗಳೂರಿನಿಂದ ಮುಂಬೈಗೆ ವಿಮಾನ ಗಾಳಿಯಲ್ಲಿರುವುದು ಒಂದೂಕಾಲು ಗಂಟೆಯ ಆಸುಪಾಸು. ಟಿಕೆಟ್ಟಿನಲ್ಲಿ ನಮೂದಾಗಿರುವುದು ಎರಡು ಗಂಟೆಗೆ ಹತ್ತಿರ. ಓಡುದಾರಿಯ ಸರದಿ, ಮುಂಬೈ ಆಕಾಶದಲ್ಲಿ ಸುತ್ತು ಹೊಡೆಯುವ ಸಮಯ ಇವೆಲ್ಲಕ್ಕೂ ಅವಕಾಶ ಬೇಕೆಂಬುದು ನಿಜ. ಆದರೂ ಆ ಅವಕಾಶವನ್ನು ಹತ್ತು ನಿಮಿಷ ಹಿಗ್ಗಿಸಿದರೆ, ಒಂದೇ ಒಂದು ವಿಮಾನವೂ ಮೊದಲಿಗಿಂತ ಬೇಗ ತಲುಪದೆ ಸಮಯಪಾಲನೆಯ ಶೇಕಡಾವಾರು ಏರುತ್ತದೆ. ‘ನಿಗದಿಗಿಂತ ಮೊದಲೇ ತಲುಪಿದ್ದೇವೆ’ ಎಂದು ಇಳಿಯುವಾಗ ಕೇಳಿಬರುವ ಹೆಮ್ಮೆಯ ಘೋಷಣೆಯನ್ನು ನಾನು ಈಗ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. ವರ್ಷಗಳ ನಡುವೆ ಹೋಲಿಸುವವರು ಸಮಯಪಾಲನೆಯ ಜೊತೆಗೆ ಅದೇ ಮಾರ್ಗದ ನಿಗದಿತ ಅವಧಿ ಎಷ್ಟು ಹಿಗ್ಗಿದೆ ಎಂಬುದನ್ನೂ ನೋಡಬೇಕು.

ದೂರುಗಳ ಲೆಕ್ಕ ಇನ್ನೂ ಜಾರುವಂಥದ್ದು. ಅಮೆರಿಕದಲ್ಲಿ ಎಣಿಸುವುದು ಸಾರಿಗೆ ಇಲಾಖೆಗೆ ನೇರವಾಗಿ ಬಂದ ದೂರುಗಳನ್ನು. ನಮ್ಮಲ್ಲಿ ಡಿಜಿಸಿಎ ವರದಿಯಲ್ಲಿ ಬರುವುದು ವಿಮಾನಯಾನ ಸಂಸ್ಥೆಗಳಿಗೆ ಬಂದ ದೂರುಗಳು, ಹತ್ತು ಸಾವಿರ ಪ್ರಯಾಣಿಕರಿಗೆ ಇಷ್ಟು ಎಂಬ ರೂಪದಲ್ಲಿ. ಹಾಗಾಗಿ ಎರಡೂ ದೇಶಗಳ ಸಂಖ್ಯೆಗಳನ್ನು ಅಕ್ಕಪಕ್ಕ ಇಡಲು ಬರುವುದಿಲ್ಲ. ನಮ್ಮ ಜನರ ಸ್ವಭಾವವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಗೇಟಿನ ಬಳಿ ಜೋರಾಗಿ ಜಗಳವಾಡುತ್ತೇವೆ, ಸಾಮಾಜಿಕ ಜಾಲತಾಣದಲ್ಲಿ ಬರೆಯುತ್ತೇವೆ, ಆದರೆ ಅರ್ಜಿ ತುಂಬಿ ದೂರು ದಾಖಲಿಸುವ ಹೊತ್ತಿಗೆ ಟ್ಯಾಕ್ಸಿ ಬಂದಿರುತ್ತದೆ. ಕೆಲವೇ ವಿಮಾನಗಳಿರುವ ಸಣ್ಣ ಸಂಸ್ಥೆಯೊಂದರಲ್ಲಿ ಒಂದು ದಿನ ಎರಡು ವಿಮಾನಗಳು ರದ್ದಾದರೆ ಆ ತಿಂಗಳ ದೂರಿನ ಪ್ರಮಾಣ ಗಗನಕ್ಕೇರುತ್ತದೆ; ನೂರಾರು ವಿಮಾನಗಳಿರುವ ಸಂಸ್ಥೆಯಲ್ಲಿ ಅಂಥ ಹತ್ತು ಘಟನೆಗಳೂ ಮಾಸಿಕ ಸರಾಸರಿಯಲ್ಲಿ ಕರಗಿಹೋಗುತ್ತವೆ.

ಸರಾಸರಿಯಲ್ಲಿ ಕರಗಿಹೋಗುವ ಈ ಸಂಗತಿಯೇ ನನ್ನ ದೃಷ್ಟಿಯಲ್ಲಿ ಎಲ್ಲ ಶ್ರೇಯಾಂಕಗಳ ದೊಡ್ಡ ಕುರುಡುತನ. ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್ ಬಗ್ಗೆ ದೂರುಗಳು ಕಡಿಮೆ ಎಂಬುದು ದಶಕಗಳ ದಾಖಲೆ. 2022ರ ಕ್ರಿಸ್‌ಮಸ್ ಹೊತ್ತಿನ ಹಿಮಗಾಳಿಗೆ ಎಲ್ಲ ಸಂಸ್ಥೆಗಳೂ ತತ್ತರಿಸಿದವು. ಉಳಿದವು ಎರಡು ಮೂರು ದಿನಗಳಲ್ಲಿ ಚೇತರಿಸಿಕೊಂಡರೆ, ಯಾವ ಪೈಲಟ್ ಎಲ್ಲಿದ್ದಾನೆಂಬುದನ್ನೇ ಜೋಡಿಸಲಾಗದೆ ಸೌತ್‌ವೆಸ್ಟ್ ಸುಮಾರು 16,900 ವಿಮಾನಗಳನ್ನು ರದ್ದುಮಾಡಿತು. 20 ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ಅತಂತ್ರರಾದರು, ಒಂದು ವರ್ಷದ ಬಳಿಕ ಸಾರಿಗೆ ಇಲಾಖೆ 14 ಕೋಟಿ ಡಾಲರ್ ದಂಡ ವಿಧಿಸಿತು. ನಮ್ಮಲ್ಲಿ 2025ರ ಡಿಸೆಂಬರ್‌ನಲ್ಲಿ ಆದದ್ದಕ್ಕೆ ಹಿಮಗಾಳಿಯೂ ಬೇಕಾಗಲಿಲ್ಲ. ಪೈಲಟ್‌ಗಳ ಕರ್ತವ್ಯ ಮತ್ತು ವಿಶ್ರಾಂತಿಯ ಹೊಸ ನಿಯಮಗಳ ಎರಡನೆಯ ಹಂತ ನವೆಂಬರ್ 1ರಿಂದ ಜಾರಿಗೆ ಬಂದಿತ್ತು. ವಾರದ ವಿಶ್ರಾಂತಿ ಜುಲೈನ ಮೊದಲ ಹಂತದಲ್ಲೇ 48 ಗಂಟೆಗೆ ಏರಿತ್ತು, ಈಗ ರಾತ್ರಿಯ ಇಳಿಯುವಿಕೆಗಳಿಗೂ ಕಡಿವಾಣ ಬಿದ್ದಿತ್ತು. ಅದಕ್ಕೆ ತಕ್ಕಷ್ಟು ಪೈಲಟ್‌ಗಳ ಹೊಂದಾಣಿಕೆ ಆಗಿರದ ಕಾರಣ ಇಂಡಿಗೊದ ಸಮಯಪಾಲನೆ ಡಿಸೆಂಬರ್ 2ರಂದು ಶೇ 35, ಮರುದಿನ ಶೇ 19.7, ಅದರ ಮರುದಿನ ಶೇ 8.5 ಎಂದು ಕುಸಿಯಿತು. 5ರಂದು ಸಾವಿರಕ್ಕೂ ಹೆಚ್ಚು ವಿಮಾನಗಳು ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲಿಯೂ ಚೀಲಗಳ ರಾಶಿಯ ನಡುವೆ ಜನ ನೆಲದ ಮೇಲೆ ಮಲಗಿದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ.

ಇಲ್ಲಿ ಗಮನಿಸಬೇಕಾದದ್ದು, ಈ ಎರಡೂ ಸಂಸ್ಥೆಗಳು ಸಾಮಾನ್ಯ ದಿನಗಳಲ್ಲಿ ಒಳ್ಳೆಯ ಅಂಕ ಪಡೆಯುತ್ತಿದ್ದ ಗುಣವೂ ಕೆಟ್ಟ ದಿನದಲ್ಲಿ ಕುಸಿಯಲು ಕಾರಣವಾದ ಗುಣವೂ ಬೇರೆಬೇರೆ ಅಲ್ಲ. ವಿಮಾನ ನೆಲದ ಮೇಲೆ ನಿಲ್ಲುವ ಸಮಯ ಕಡಿಮೆ, ಸಿಬ್ಬಂದಿಯ ಬಿಗಿಯಾದ ಸರದಿ, ಕೈಯಲ್ಲಿ ಉಳಿಕೆ ಇಲ್ಲದ ವ್ಯವಸ್ಥೆ. ಇವು ದರವನ್ನೂ ತಗ್ಗಿಸುತ್ತವೆ, ಎಲ್ಲವೂ ಸರಿಯಿರುವವರೆಗೆ ವೇಳೆಯನ್ನೂ ಕಾಪಾಡುತ್ತವೆ. ಎಷ್ಟು ಪೈಲಟ್‌ಗಳು ಬಿಡುವಾಗಿ ಮನೆಯಲ್ಲಿದ್ದಾರೆ, ಎಷ್ಟು ವಿಮಾನಗಳು ಹೆಚ್ಚುವರಿಯಾಗಿ ನಿಂತಿವೆ ಎಂಬುದಕ್ಕೆ ಯಾವ ಶ್ರೇಯಾಂಕದಲ್ಲಿಯೂ ಅಂಕವಿಲ್ಲ. ಹೀಗಾಗಿ ಹನ್ನೆರಡು ತಿಂಗಳ ಸರಾಸರಿಗಿಂತ ಐದು ವರ್ಷಗಳಲ್ಲಿ ಅತಿ ಕೆಟ್ಟ ತಿಂಗಳು ಯಾವುದು, ಅದರಿಂದ ಹೊರಬರಲು ಎಷ್ಟು ಕಾಲ ಹಿಡಿಯಿತು ಎಂಬುದನ್ನು ನೋಡುವುದು ನನಗೆ ಹೆಚ್ಚು ಸರಿಯೆನ್ನಿಸುತ್ತದೆ.

ಕಾಲಾವಧಿಯ ಹೋಲಿಕೆಗೆ ಇನ್ನೊಂದು ತೊಡಕೂ ಇದೆ: ಪಟ್ಟಿಯಲ್ಲಿದ್ದವರೇ ಕಣ್ಮರೆಯಾಗಿಬಿಡುತ್ತಾರೆ. 2005ರಲ್ಲಿ ಹಾರಾಟ ಆರಂಭಿಸಿದ ಕಿಂಗ್‌ಫಿಷರ್ ಏರ್‌ಲೈನ್ಸ್ ಸ್ಕೈಟ್ರಾಕ್ಸ್‌ನಿಂದ ಪಂಚತಾರಾ ಮಾನ್ಯತೆ ಪಡೆದಿತ್ತು. ಆ ಕಾಲದಲ್ಲಿ ಅದರಲ್ಲಿ ಪ್ರಯಾಣಿಸಿದವರು ಈಗಲೂ ಆ ಊಟ, ಉಪಚಾರವನ್ನು ನೆನೆಯುತ್ತಾರೆ. ಸಂಬಳವಿಲ್ಲದೆ ಸಿಬ್ಬಂದಿ ಮುಷ್ಕರ ಹೂಡಿ, 2012ರ ಅಕ್ಟೋಬರ್‌ನಲ್ಲಿ ಅದರ ಪರವಾನಗಿ ಅಮಾನತಾಯಿತು. 2018–19ರಲ್ಲಿ ತಿಂಗಳುಗಟ್ಟಲೆ ಸತತವಾಗಿ ಸಮಯಪಾಲನೆಯಲ್ಲಿ ಮೊದಲ ಸ್ಥಾನದಲ್ಲಿದ್ದ ಗೋಏರ್, ಗೋ ಫಸ್ಟ್ ಎಂದು ಹೆಸರು ಬದಲಿಸಿಕೊಂಡ ಮೇಲೆ, ಎಂಜಿನ್‌ಗಳ ಕೊರತೆಯಿಂದ ವಿಮಾನಗಳು ನೆಲಕಚ್ಚಿ 2023ರ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿತು. ಸಮೀಕ್ಷೆಗಳಲ್ಲಿ ಮೆಚ್ಚುಗೆ ಪಡೆಯುತ್ತಿದ್ದ ವಿಸ್ತಾರ 2024ರ ನವೆಂಬರ್‌ನಲ್ಲಿ ಏರ್ ಇಂಡಿಯಾದೊಳಗೆ ವಿಲೀನವಾಯಿತು. ಈಗ ಏರ್ ಇಂಡಿಯಾದ ಸಂಖ್ಯೆಗಳು ಏರಿದರೂ ಇಳಿದರೂ ಅದರಲ್ಲಿ ಹಳೆಯ ಸಂಸ್ಥೆಯ ಪಾಲೆಷ್ಟು, ಸೇರಿಕೊಂಡ ಸಂಸ್ಥೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ.

ಕರ್ನಾಟಕದ ಓದುಗರಿಗೆ ಇನ್ನೊಂದು ಮಾತನ್ನು ಹೇಳಬೇಕು. ಡಿಜಿಸಿಎಯ ಸಮಯಪಾಲನೆಯ ಲೆಕ್ಕ ಬಹುಕಾಲ ಬೆಂಗಳೂರು, ದೆಹಲಿ, ಹೈದರಾಬಾದ್ ಮತ್ತು ಮುಂಬೈ ನಿಲ್ದಾಣಗಳದ್ದಾಗಿತ್ತು. ನಂತರ ಚೆನ್ನೈ ಮತ್ತು ಕೋಲ್ಕತ್ತ ಸೇರಿ ಆರಾಗಿವೆ. ಹುಬ್ಬಳ್ಳಿ, ಬೆಳಗಾವಿ, ಮಂಗಳೂರು, ಶಿವಮೊಗ್ಗಗಳಿಂದ ಹೊರಡುವವರ ಅನುಭವ ಆ ಶೇಕಡಾವಾರಿನಲ್ಲಿ ನೇರವಾಗಿ ಸೇರುವುದಿಲ್ಲ. ದಿನಕ್ಕೆ ಒಂದೋ ಎರಡೋ ವಿಮಾನಗಳಿರುವ ನಿಲ್ದಾಣದಲ್ಲಿ ಮಳೆಗಾಲದ ಮೋಡದಿಂದ ಒಂದು ವಿಮಾನ ರದ್ದಾದರೆ ಮುಂದಿನದು ನಾಳೆಯೇ. ಬೆಂಗಳೂರಿನಲ್ಲಿ ಅದೇ ಸಂಸ್ಥೆಯ ಮುಂದಿನ ವಿಮಾನ ಎರಡು ಗಂಟೆಯಲ್ಲಿ ಇರಬಹುದು. ಮಹಾನಗರದ ಶೇ 85ರ ಭರವಸೆಯನ್ನು ಶಿವಮೊಗ್ಗದ ಪ್ರಯಾಣಿಕ ತನಗೂ ಅನ್ವಯಿಸಿಕೊಂಡು ಅದೇ ದಿನ ಸಂಜೆಯ ಮದುವೆಗೆ ಹೊರಡುವುದು ಜಾಣತನವಲ್ಲ.

ಈ ಎಲ್ಲವನ್ನೂ ನೋಡಿದ ಮೇಲೆ ನಾನು ಟಿಕೆಟ್ ಆರಿಸುವ ಕ್ರಮ ಸರಳವಾಗಿದೆ. ಡಿಜಿಸಿಎ ವರದಿಯಲ್ಲಿ ಪ್ರಯಾಣದ ತಿಂಗಳನ್ನೇ ಹಿಂದಿನ ವರ್ಷಗಳಲ್ಲಿ ಹುಡುಕುತ್ತೇನೆ. ಜನವರಿಯ ಪ್ರಯಾಣಕ್ಕೆ ಜನವರಿಗಳು, ಜುಲೈಗೆ ಜುಲೈಗಳು. ದೆಹಲಿಯ ಮಂಜನ್ನೂ ಮುಂಬೈಯ ಮಳೆಯನ್ನೂ ಅಕ್ಟೋಬರ್‌ನ ತಿಳಿ ಆಕಾಶದೊಂದಿಗೆ ಹೋಲಿಸಿ ಯಾವ ಸಂಸ್ಥೆ ‘ಕುಸಿದಿದೆ’ ಎಂದು ತೀರ್ಮಾನಿಸುವುದರಲ್ಲಿ ಅರ್ಥವಿಲ್ಲ. ಮೊದಲ ಎರಡು ಮೂರು ಸಂಸ್ಥೆಗಳ ನಡುವಿನ ಅಂತರ ಎರಡು ಮೂರು ಶೇಕಡಾ ಅಂಶಗಳಷ್ಟಿದ್ದರೆ ಅವನ್ನು ಸಮಾನವೆಂದೇ ಭಾವಿಸುತ್ತೇನೆ. ಆಮೇಲೆ ಸಂಸ್ಥೆಯ ಹೆಸರನ್ನು ಬದಿಗಿಟ್ಟು ಹೊರಡುವ ವೇಳೆಯನ್ನು ನೋಡುತ್ತೇನೆ, ಏಕೆಂದರೆ ಒಂದೇ ವಿಮಾನ ದಿನವಿಡೀ ಐದಾರು ಊರು ತಿರುಗುವುದರಿಂದ ಬೆಳಗಿನ ಇಪ್ಪತ್ತು ನಿಮಿಷದ ತಡ ರಾತ್ರಿಯ ಹೊತ್ತಿಗೆ ಒಂದೂವರೆ ಗಂಟೆಯಾಗಿ ಬೆಳೆದಿರುತ್ತದೆ. ಪಟ್ಟಿಯ ಮೊದಲನೆಯವರ ರಾತ್ರಿ ಹತ್ತರ ವಿಮಾನಕ್ಕಿಂತ ನಾಲ್ಕನೆಯವರ ಬೆಳಗಿನ ವಿಮಾನವೇ ವಾಸಿ. ದೇವನಹಳ್ಳಿಯ ನಿಲ್ದಾಣದ ಮಟ್ಟಿಗೆ ಇದಕ್ಕೊಂದು ಅಪವಾದವಿದೆ: ಡಿಸೆಂಬರ್, ಜನವರಿಯ ನಸುಕಿನಲ್ಲಿ ಅಲ್ಲಿ ಮಂಜು ಕವಿಯುತ್ತದೆ, ಆರರ ವಿಮಾನ ಎಂಟಕ್ಕೆ ಹೊರಟರೂ ಹೊರಟೀತು. ಆ ಎರಡು ತಿಂಗಳು ನಾನು ಹತ್ತೂವರೆ, ಹನ್ನೊಂದರ ನಡುವಿನ ವಿಮಾನವನ್ನು ಹಿಡಿಯುತ್ತೇನೆ.